ಹಂಗಾಮಿ ಹಾಡು

ಎಲ್ಲ ರಗಳೆಗೂ ಕಾರಣ ಅವನ ಹೆಬ್ಬೆರಳು. ದೇವರು ಅದೊಂದನ್ನು ಕೊಡುವಾಗ ಸ್ವಲ್ಪ ಧಾರಾಳವಾಗಿಯೇ ಕೊಟ್ಟುಬಿಟ್ಟಿದ್ದ. ಬೇರೆಯವರ ಹೆಬ್ಬೆರಳು ಒಂದು ಗುಂಡಿಯ ಮೇಲೆ ಕೂತರೆ ಇವನದು ಪಕ್ಕದ ಗುಂಡಿಯ ಮೇಲೂ ಅರ್ಧ ಒರಗುತ್ತಿತ್ತು, ಬಸ್ಸಿನಲ್ಲಿ ಪಕ್ಕದವರ ಸೀಟಿಗೂ ಹರಡಿಕೊಳ್ಳುವ ದಪ್ಪ ಮನುಷ್ಯರ ಹಾಗೆ.

ಆ ಹಳೇ ಟೇಪ್ ರೆಕಾರ್ಡರಿನಲ್ಲಿ ಬಿಳಿ ಗುಂಡಿ ಒತ್ತಿದರೆ ಹಾಡು ಕೇಳುತ್ತದೆ. ಬಿಳಿಯನ್ನೂ ಕೆಂಪನ್ನೂ ಒಟ್ಟಿಗೆ ಒತ್ತಿದರೆ ಒಳಗಿದ್ದದ್ದು ಅಳಿಸಿಹೋಗಿ ಹೊಸದು ದಾಖಲಾಗುತ್ತದೆ. ಸಂಗೀತ ಸಂಗ್ರಹಾಲಯದ ಯಂತ್ರದ ಕೋಣೆಯಲ್ಲಿ ಎರಡು ವರ್ಷದಿಂದ ದೂಳು ಹೊಡೆಯುತ್ತಿದ್ದ ನಮ್ಮ ಅಟೆಂಡರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೆಬ್ಬೆರಳಿಗೆ ಗೊತ್ತಿರಲಿಲ್ಲ.

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ನೌಕರಿ ಹಂಗಾಮಿಯಾಗಿದ್ದರಿಂದ ಕಚೇರಿಯಲ್ಲಿ ಎಲ್ಲರೂ ‘ಹಂಗಾಮಿ’ ಎಂದೇ ಕರೆಯುತ್ತಿದ್ದರು. ಮನೆಗೆ ಹೋದರೂ ಅದೇ ಕತೆ. ಮನೆಯೆಂದರೆ ಹೆಂಡತಿಯ ತಮ್ಮನ ಮನೆ. ಅದರ ಮುಂದಿನ ಕೋಣೆಯಲ್ಲಿ ಗಂಡ ಹೆಂಡತಿ ‘ಸದ್ಯಕ್ಕೆ’ ಇದ್ದರು. ಆ ಭಾವಮೈದ ಬಂದವರಿಗೆಲ್ಲ “ಇವರು ನಮ್ಮ ಹಂಗಾಮಿ ಭಾವ” ಎಂದು ಪರಿಚಯ ಮಾಡಿಸಿ, ಬೇರೆಯವರು ನಗುವುದಕ್ಕೆ ಮುಂಚೆ ತಾನೇ ನಕ್ಕುಬಿಡುತ್ತಿದ್ದ.

ಅವತ್ತು ಬೆಳಿಗ್ಗೆ ಹೆಂಡತಿ ಊಟದ ಡಬ್ಬಿ ಕೈಗೆ ಕೊಡುತ್ತಾ, “ನೋಡಿ, ಇವತ್ತು ಕಾಯಂ ಆರ್ಡರು ಹಿಡ್ಕೊಂಡೇ ಬನ್ನಿ. ಇನ್ನೂ ಎಷ್ಟು ದಿನ ತಮ್ಮನ ಮುಂದೆ ತಲೆ ತಗ್ಗಿಸ್ಕೊಂಡು ಓಡಾಡ್ಲಿ ನಾನು?” ಎಂದಿದ್ದಳು.

ಕಾರಣವಿಲ್ಲದೆ ಹೇಳಿದ್ದಲ್ಲ. ಸಂಗ್ರಹಾಲಯದ ನಿರ್ದೇಶಕಿ ಮೇಡಂ ಹಿಂದಿನ ದಿನವೇ ಸ್ವತಃ ಮಾತು ಕೊಟ್ಟಿದ್ದರು: “ನಾಳೆ ಸಭೆ ಸುಸೂತ್ರವಾಗಿ ಮುಗೀಲಪ್ಪಾ, ಸಂಜೆ ನಿನ್ನ ಆರ್ಡರಿಗೆ ಸಹಿ ಹಾಕ್ತೀನಿ.”

ಸಭೆ ಅಂಥಿಂಥದ್ದಲ್ಲ. ಮನುಷ್ಯ ಎಲ್ಲಿ ಹುಟ್ಟಿದರೂ, ಯಾವ ಮಾತಾಡಿದರೂ, ಬೇರೆ ಜನದ ಹಾಡು ಕೇಳಿದ ಕೂಡಲೇ ಅದು ಮಗು ಮಲಗಿಸುವುದೋ, ಕುಣಿಯುವುದೋ, ಸತ್ತವರಿಗೆ ಅಳುವುದೋ ಎಂದು ಹೇಳಬಲ್ಲ ಅನ್ನುವುದು ಮೇಡಂ ಅವರ ಸಿದ್ಧಾಂತ. ಅದಕ್ಕಾಗಿ ಹತ್ತಾರು ದೇಶಗಳಿಂದ ವಿದ್ವಾಂಸರು ಬಂದಿದ್ದರು. ಅವರಿಗೆ ಕೇಳಿಸಲು ಒಂದೇ ಒಂದು ಟೇಪು: ಬಹಳ ದೂರದ ಪುಟ್ಟ ದ್ವೀಪವೊಂದರ ಹಾಡು. ಯಂತ್ರ ಕೆಟ್ಟು ಕೂತಿದ್ದರಿಂದ ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ನಿನ್ನೆ ತಾನೆ ಯಂತ್ರ ರಿಪೇರಿಯಾಗಿತ್ತು. ಎಲ್ಲರೂ ಊಹೆ ಹೇಳಿದ ಮೇಲೆ ಅದು ನಿಜಕ್ಕೂ ಯಾವ ಹಾಡೆಂದು ತಿಳಿಸಲು ಆ ದ್ವೀಪದ ಅಜ್ಜಿಯೊಬ್ಬಳನ್ನು ಹಡಗು ಹತ್ತಿಸಿ ಕರೆಸಿದ್ದರು.

“ಗುಂಡಿ ಒತ್ತಿ ನೋಡು, ಸರಿಯಾಗಿ ತಿರುಗುತ್ತಾ ಇಲ್ವಾ ಅಂತ,” ಎಂದ ಬಾಗಿಲಲ್ಲಿ ನಿಂತಿದ್ದ ಲೆಕ್ಕದ ಗುಮಾಸ್ತ. ಅವನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಕೆಲಸವಿಲ್ಲದ ಕಡೆ ನಿಲ್ಲುವುದೇ ಅವನ ಕೆಲಸ.

ಹಂಗಾಮಿ ಒತ್ತಿದ. ಚಕ್ರ ತಿರುಗಿತು. ಸದ್ದಿಲ್ಲ. ದನಿ ಜೋರು ಮಾಡಿದ. ಊಹೂಂ. ಒಂದಿಷ್ಟು ಹೊತ್ತು ಕಾದು, ಟೇಪು ಹಿಂದಕ್ಕೆ ಸುತ್ತಿ, ಈ ಸಲ ಕಿರುಬೆರಳಿನಿಂದ ಒತ್ತಿದ. ಯಂತ್ರದೊಳಗಿಂದ ಸ್ಪಷ್ಟವಾಗಿ ದನಿ ಬಂತು: “ಥೂ, ಇದ್ಯಾಕೋ ಮಾತೇ ಆಡ್ತಿಲ್ವಲ್ಲ.”

“ಅರೆ!” ಗುಮಾಸ್ತ ಕಣ್ಣರಳಿಸಿದ. “ದ್ವೀಪದವ್ರು ನಮ್ ಮಾತೇ ಆಡ್ತಾರಲ್ಲೋ!”

“ಅದು ನಂದೇ ದನಿ ಸಾರ್,” ಎಂದ ಹಂಗಾಮಿ. ಎಂದವನೇ ಸ್ಟೂಲಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಕುಸಿದ. ಟೇಪನ್ನು ಕೊನೆಯವರೆಗೆ ಓಡಿಸಿ ನೋಡಿದರು. ಹಾಡು ಚಿಕ್ಕದಿತ್ತೋ ಏನೋ, ಹೆಬ್ಬೆರಳು ಪೂರ್ತಿ ನುಂಗಿ ನೀರು ಕುಡಿದಿತ್ತು.

ಅಷ್ಟರಲ್ಲಿ ಚಹಾದ ಅಕ್ಕ ಲೋಟಗಳ ತಟ್ಟೆ ಹಿಡಿದು ಬಂದಳು. ವಿಷಯ ಕೇಳಿ, “ಅಯ್ಯೋ ತಮ್ಮಾ, ಹೋಗಿ ಮೇಡಂ ಕಾಲಿಗೆ ಬಿದ್ದುಬಿಡು,” ಎಂದಳು.

“ಬಿದ್ರೆ ಎತ್ತಿ ಹೊರಗೆ ಹಾಕ್ತಾರಷ್ಟೆ,” ಎಂದ ಗುಮಾಸ್ತ. “ಯೋಚನೆ ಮಾಡು. ಆ ಹಾಡು ಯಾರೂ ಕೇಳಿಲ್ಲ. ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ನೀನೇ ಒಂದು ಹಾಡಿಬಿಡು.”

“ನಾನಾ? ನಾನು ಹಾಡಿದ್ರೆ ಹೆಂಡತಿ ಪಾತ್ರೆ ಬಿತ್ತು ಅಂತ ಓಡಿ ಬರ್ತಾಳೆ ಸಾರ್!”

“ಅದಕ್ಕೇ ಹೇಳಿದ್ದು. ಚೆನ್ನಾಗಿದ್ರೆ ನಮ್ಮವರದು ಅಂತ ಗೊತ್ತಾಗಿಬಿಡುತ್ತೆ.”

“ಮತ್ತೆ ಆ ಅಜ್ಜಿ?”

“ಅಜ್ಜಿಗೆ ವಯಸ್ಸೆಷ್ಟು ಗೊತ್ತಾ? ನಿನ್ನೆ ಊಟಕ್ಕೆ ಏನಿತ್ತು ಅಂತ ನಿಂಗೇ ನೆನಪಿಲ್ಲ, ಅವಳಿಗೆ ಚಿಕ್ಕಂದಿನ ಹಾಡು ನೆನಪಿರುತ್ತಾ?”

ಪ್ರಶ್ನೆ ಎದ್ದಿತು: ಯಾವ ಹಾಡು? ಅಕ್ಕ, “ಲಾಲಿ ಹಾಡು, ಯಾರೂ ಅನುಮಾನ ಪಡಲ್ಲ,” ಎಂದಳು. ಗುಮಾಸ್ತನಿಗೆ ಅಳುವ ಹಾಡೇ ಕ್ಷೇಮವೆನ್ನಿಸಿತು, ಏಕೆಂದರೆ ಹಂಗಾಮಿಯ ಮುಖ ಆಗಲೇ ಅದಕ್ಕೆ ತಯಾರಾಗಿತ್ತು. “ಒಂದೊಳ್ಳೆ ಕೆಲಸ ಮಾಡು. ಮೂರೂ ಅನ್ನಿಸೋ ಹಾಗೆ ಹಾಡು,” ಎಂದು ಕೊನೆಗೆ ಅವನೇ ತೀರ್ಪು ಕೊಟ್ಟ.

ಮಲಗಿಸುತ್ತಾ, ಕುಣಿಸುತ್ತಾ, ಅಳಿಸುತ್ತಾ ಹಾಡುವುದು ಹೇಗೆ? ಹಂಗಾಮಿಗೆ ತಲೆ ಗಿರ್ರೆಂದಿತು. ಅವನಿಗೆ ಬರುತ್ತಿದ್ದ ರಾಗ ಒಂದೇ. ದಿನಾ ಸಂಜೆ ಮನೆಯ ದಾರಿಯ ಏರಿನಲ್ಲಿ ಸೈಕಲ್ ತಳ್ಳುವಾಗ ಬಾಯಿಂದ ತಾನಾಗಿ ಹೊರಡುತ್ತಿದ್ದ “ಹೂಂ... ಊಂ... ಹೂಂ...” ಮತ್ತೆ ಹೆಬ್ಬೆರಳಿನಿಂದ ಗುಂಡಿ ಒತ್ತಿ, ಕಣ್ಣು ಮುಚ್ಚಿ, ಎದುರಿಗೆ ಆ ಏರು, ಏರಿನ ತುದಿಯಲ್ಲಿ ಭಾವಮೈದ ನಿಂತಿರುವುದನ್ನು ನೆನೆದು, ಅದನ್ನೇ ಹಾಡಿದ. ನಡುವೆ ಅಕ್ಕನ ಕೈಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಇನ್ನೇನು ಮುಗಿಯಿತು ಅನ್ನುವಾಗ ಗುಮಾಸ್ತ ದೂಳಿಗೆ ಒಂದು ಸೀನು ಸೀನಿದ. ಮತ್ತೆ ಹಾಡಲು ಸಮಯವಿರಲಿಲ್ಲ. ಮೇಡಂ ಚಪ್ಪಲಿಯ ಸದ್ದು ಮೆಟ್ಟಿಲ ಮೇಲಿತ್ತು.

ಊಟದ ನಂತರ ಸಭೆ ಸೇರಿತು. ಪ್ರತಿಯೊಬ್ಬರಿಗೂ ಮೂರು ಬಣ್ಣದ ರಟ್ಟು: ನೀಲಿಯೆಂದರೆ ಲಾಲಿ, ಕೆಂಪೆಂದರೆ ಕುಣಿತ, ಬಿಳಿಯೆಂದರೆ ಅಳು. ಮುಂದಿನ ಸಾಲಿನಲ್ಲಿ ಅಜ್ಜಿ. ಒಣಗಿದ ಅಂಜೂರದಂಥ ಪುಟ್ಟ ಮುಖ. ಪಕ್ಕದಲ್ಲಿ ಇಲ್ಲಿಯೇ ಓದಿ ಇಲ್ಲಿಯ ಮಾತು ಕಲಿತಿದ್ದ ಅವಳ ಮೊಮ್ಮಗಳು. ಹಂಗಾಮಿ ಟೇಪು ಹಾಕಿ, ಸದ್ದಿಲ್ಲದೆ ಬಾಗಿಲ ಕಡೆ ಜಾರುತ್ತಿದ್ದಾಗ ಮೇಡಂ ಕರೆದರು.

“ಎಲ್ಲಿ ಹೋಗ್ತೀಯಪ್ಪಾ? ಬಾ, ಕೂತ್ಕೋ. ಇಲ್ಲಿರೋರೆಲ್ಲ ಪಂಡಿತರು. ಸಂಗೀತದ ಗಂಧಗಾಳಿ ಇಲ್ಲದ ಒಂದು ಕಿವಿ ಬೇಕಿತ್ತು ನನಗೆ. ನಿನ್ನದಕ್ಕಿಂತ ಒಳ್ಳೇ ಕಿವಿ ಎಲ್ಲಿ ಸಿಗುತ್ತೆ!”

ಬೈಗುಳವೋ ಹೊಗಳಿಕೆಯೋ ತಿಳಿಯದೆ ಅವನು ಕೂತ. ಕೈಗೆ ಮೂರು ರಟ್ಟು ಬಂದವು. ಹಾಡು ಶುರುವಾಯಿತು.

“ಹೂಂ... ಊಂ... ಹೂಂ...”

ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಂದ ತನ್ನದೇ ಏದುಸಿರು ಗೋಡೆಗೋಡೆಗೂ ಬಡಿದು ಬರುತ್ತಿದ್ದಂತೆ ಹಂಗಾಮಿ ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದ. ಎರಡು ರಟ್ಟು ಕೆಳಗೆ ಬಿದ್ದವು. ಉಳಿದದ್ದನ್ನಾದರೂ ಕಾಪಾಡೋಣವೆಂದು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅದು ನೀಲಿ. ಹಾಡು ಇನ್ನೂ ಕಾಲು ಭಾಗವೂ ಆಗಿರಲಿಲ್ಲ. ಮೇಡಂ ಅವನತ್ತ ನೋಡಿ ಬೆರಗಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಲೋಟಗಳು ಕಿಣಿಕಿಣಿ ಎಂದಾಗ ಗಡ್ಡದ ವಿದ್ವಾಂಸರೊಬ್ಬರು, “ಕಂಚಿನ ವಾದ್ಯ,” ಎಂದು ಬರೆದುಕೊಂಡರು. ಸೀನು ಕೇಳಿದಾಗ ಇಡೀ ಸಭೆ ತಲೆದೂಗಿತು. “ಉಸಿರನ್ನು ಒಮ್ಮೆಲೇ ಬಿಟ್ಟು ದುಷ್ಟ ಶಕ್ತಿಗಳನ್ನು ಓಡಿಸೋದು. ಮಗುವಿನ ರಕ್ಷಣೆಗೆ,” ಎಂದು ಪಿಸುಗುಟ್ಟಿದರು ಇನ್ನೊಬ್ಬರು. ಹಿಂದಿನ ಸಾಲಿನಲ್ಲಿ ಗುಮಾಸ್ತ ತನ್ನ ಮೂಗನ್ನು ಗೌರವದಿಂದ ಮುಟ್ಟಿಕೊಂಡ.

ಹಾಡು ಮುಗಿಯಿತು. ಒಂದಾದ ಮೇಲೊಂದು ರಟ್ಟು ಮೇಲೆದ್ದವು. ನೀಲಿ, ನೀಲಿ, ನೀಲಿ. ಸಭಾಂಗಣ ಸಮುದ್ರವಾಯಿತು.

“ಎಲ್ಲರೂ ಲಾಲಿ ಅಂತಿದಾರಲ್ಲ ಸಾರ್!” ಎಂದು ಹಂಗಾಮಿ ಹಿಂದೆ ತಿರುಗಿ ಪಿಸುಗುಟ್ಟಿದ.

“ಗಡದ್ದಾಗಿ ಉಂಡು ಕೂತಿದಾರೆ ಕಣೋ. ಈಗ ಯಾವ ಹಾಡು ಹಾಕಿದ್ರೂ ಲಾಲಿನೇ,” ಎಂದ ಗುಮಾಸ್ತ ಆಕಳಿಸುತ್ತಾ.

ಇನ್ನು ಅಜ್ಜಿ. ಮೇಡಂ ಎರಡೂ ಕೈ ಹಿಸುಕಿಕೊಳ್ಳುತ್ತಾ ಅವಳೆದುರು ನಿಂತರು. ಹಂಗಾಮಿ ಕಣ್ಣು ಮುಚ್ಚಿದ. ತೆರೆದಾಗ ಅಜ್ಜಿಯ ಕೆನ್ನೆಯ ಮೇಲೆ ಕಣ್ಣೀರು ಧಾರಾಕಾರ! ಅವಳು ಎದೆಗೆ ಕೈಯಿಟ್ಟು ಏನೋ ಹೇಳಿದಳು. ಮೊಮ್ಮಗಳು ಎದ್ದು ಎಲ್ಲರಿಗೂ ತಿಳಿಸಿದಳು: “ಹೌದಂತೆ. ಇದು ನಮ್ಮದೇ ಹಾಡು. ಮಗು ಮಲಗಿಸೋ ಹಾಡು. ಅಜ್ಜಿ ತನ್ನ ಅಮ್ಮನ ತೊಡೆ ಮೇಲೆ ಮಲಗಿ ಕೇಳಿದ್ದಂತೆ.”

ಚಪ್ಪಾಳೆಗೆ ಕಿಟಕಿಗಳು ನಡುಗಿದವು. ಹಂಗಾಮಿಗೆ ಭೂಮಿಯೇ ಬುಗುರಿಯಾದಂತಾಯಿತು. ತನ್ನ ಸೈಕಲ್ ತಳ್ಳುವ ರಾಗ ಸಮುದ್ರ ದಾಟಿ ಅಲ್ಲಿಗೆ ಹೋದದ್ದು ಹೇಗೆ? ಅಥವಾ ತನ್ನ ಮುತ್ತಜ್ಜ ಯಾವ ಕಾಲಕ್ಕೋ ಆ ದ್ವೀಪದಿಂದ ಈಜಿ ಬಂದಿದ್ದನೇ? ಮೇಡಂ ಹೇಳುವುದು ನಿಜವೇ ಇರಬೇಕು, ಮನುಷ್ಯರೆಲ್ಲರ ಎದೆಯೊಳಗೂ ಒಂದೇ ರಾಗ.

ಚಹಾ ವಿರಾಮದಲ್ಲಿ ಅಜ್ಜಿಗೆ ಲೋಟ ಕೊಡಲು ಹೋದ. ಅಜ್ಜಿ ಲೋಟ ಬಿಟ್ಟು ಅವನ ಮಣಿಕಟ್ಟು ಹಿಡಿದಳು. ಹಿಡಿತ ಇಕ್ಕಳದಂತಿತ್ತು.

ಮೊಮ್ಮಗಳು ನಗು ತಡೆಯುತ್ತಾ ಹೇಳಿದಳು: “ಅಣ್ಣಾ, ಹಾಡಿದ್ದು ನೀವೇ ಅಲ್ವಾ ಅಂತ ಕೇಳ್ತಿದಾಳೆ ಅಜ್ಜಿ. ಹಾಡು ಶುರುವಾದಾಗ ನಿಮ್ಮ ಮುಖ ನೋಡಿದ್ಳಂತೆ.”

ಹಂಗಾಮಿ ಲೋಟ ಕೆಳಗಿಟ್ಟ. “ಆದ್ರೆ... ಆದ್ರೆ ಅಜ್ಜಿನೇ ಹೌದು ಅಂದ್ರಲ್ಲಮ್ಮಾ?”

ಅಜ್ಜಿ ಉತ್ಸಾಹದಿಂದ ಬಹಳ ಹೊತ್ತು ಮಾತಾಡಿದಳು. ಮೊಮ್ಮಗಳು ಚುಟುಕಾಗಿ ತಿಳಿಸಿದಳು. “ನಮ್ಮಲ್ಲಿ ಮಕ್ಕಳಿಗೆ ಹಾಡೋದೇ ಇಲ್ಲ ಅಣ್ಣಾ. ದೊಡ್ಡವರು ಜಗಳ ಆಡ್ತಿರ್ತಾರೆ, ಮಕ್ಕಳು ಅದನ್ನ ಕೇಳ್ತಾ ನಿದ್ದೆ ಹೋಗ್ತವೆ. ಅಜ್ಜಿ ಚಿಕ್ಕವಳಿದ್ದಾಗ ಯಾರೋ ಒಬ್ಬ ಪುಣ್ಯಾತ್ಮ ಈ ಮೆಷಿನ್ ಹೊತ್ಕೊಂಡು ಬಂದು, ‘ಲಾಲಿ ಹಾಡಿ, ಲಾಲಿ ಹಾಡಿ’ ಅಂತ ಪ್ರಾಣ ತಿಂದನಂತೆ. ಪಾಪ, ದೂರದಿಂದ ಬಂದಿದಾನೆ ಅಂತ ಅಜ್ಜಿಯ ಅಮ್ಮ ಬಾಯಿಗೆ ಬಂದದ್ದೇನೋ ಹಾಡಿ ಕಳಿಸಿದಳು.”

“ಮತ್ತೆ... ಆ ಕಣ್ಣೀರು?”

ಅಜ್ಜಿ ಭುಜ ಕುಣಿಸಿ ಏನೋ ಅಂದಳು. ಮೊಮ್ಮಗಳು ತಿಳಿಸಿದಳು: “ಇಷ್ಟು ದೂರ ಖರ್ಚು ಮಾಡಿ ಕರೆಸಿದಾರೆ. ಆ ಯಮ್ಮ ಎದುರಿಗೆ ನಿಂತು ಮಗು ಥರ ಮುಖ ನೋಡ್ತಿದಾರೆ. ಅಳದೆ ಇದ್ರೆ ಮರ್ಯಾದೆ ಇರುತ್ತಾ, ಅಂತಾಳೆ.”

ಸಭೆಯ ರಟ್ಟುಗಳೆಲ್ಲ ಅವನ ಕಣ್ಣೆದುರು ಗಿರಗಿರನೆ ತಿರುಗಿದವು. ಹಾಡದವರ ಹಾಡು, ಇಲ್ಲದ ಲಾಲಿ, ಅಳಿಸಿದ ಟೇಪು, ಬರದ ಅಳು. ಇಷ್ಟಾದರೂ ಸಿದ್ಧಾಂತ ಗೆದ್ದಿತ್ತು! ಹಾಳಾಗಿಹೋಗಲಿ, ಸಿದ್ಧಾಂತ ಏನಾದರೂ ಮಾಡಿಕೊಳ್ಳಲಿ, ತನ್ನ ಆರ್ಡರು ಬಂದರೆ ಸಾಕು. ಅಜ್ಜಿಗೆ ಬಗ್ಗಿ ನಮಸ್ಕಾರ ಮಾಡಿ, ಕೂದಲು ಬಾಚಿಕೊಂಡು ಮೇಡಂ ಕೋಣೆಗೆ ಹೋದ.

ಒಳಗೆ ಗಡ್ಡದ ವಿದ್ವಾಂಸರೂ ಇದ್ದರು. ಮೇಡಂ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. “ಇವನೇ ಸಾರ್! ಹಾಡು ಕಾಲು ಭಾಗ ಆಗೋ ಮುಂಚೆ ನೀಲಿ ಎತ್ತಿದ್ದು ಇವನೇ. ಇಡೀ ಕಟ್ಟಡದಲ್ಲಿ ಕೆಡದೆ ಉಳಿದಿರೋ ಒಂದೇ ಒಂದು ಕಿವಿ.”

“ಎಲ್ಲ ನಿಮ್ಮ ಆಶೀರ್ವಾದ ಮೇಡಂ. ಆ... ಆರ್ಡರು...”

“ಅದೇ ಹೇಳ್ತಿದೀನಿ ಕೇಳು. ಯಂತ್ರದ ಕೋಣೆಯಲ್ಲಿ ದಿನಾ ಹಾಡು ಕೇಳ್ತಾ ಕೂತ್ರೆ ಈ ಕಿವಿ ಏನಾಗುತ್ತೆ? ನಮ್ಮ ಕಿವಿಗಳ ಹಾಗೆ ಪಳಗಿ ಕೆಟ್ಟೋಗುತ್ತೆ. ನಾನದಕ್ಕೆ ಬಿಡಲ್ಲ. ನಾಳೆಯಿಂದ ನೀನು ಈ ಕಟ್ಟಡದೊಳಗೆ ಕಾಲಿಡಬಾರದು. ಹಾಡು ಕೇಳೋ ಜಾಗಕ್ಕೇ ಹೋಗಬಾರದು. ವರ್ಷಕ್ಕೊಂದು ಸಲ ಸಭೆ ದಿನ ನಾವೇ ಗಾಡಿ ಕಳಿಸಿ, ಗೌರವದಿಂದ ಕರೆಸ್ತೀವಿ.”

ಹಂಗಾಮಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಕೂಡಲೇ ನೆಲದ ಮೇಲೆ ಕೂತೇಬಿಟ್ಟ. “ಮೇಡಂ, ಬೇಡ ಮೇಡಂ! ನನ್ ಕಿವಿ ಒಳ್ಳೇದಲ್ಲ. ಹಾಡು ಗೊತ್ತಾಗಿದ್ದಲ್ಲ. ರಟ್ಟು ಕೈಜಾರಿದ್ದು. ಆಣೆ ಮಾಡಿ ಹೇಳ್ತೀನಿ, ಆ ಹಾಡು... ಆ ಹಾಡು ಹಾಡಿದ್ದೇ ನಾನು!”

ಗಡ್ಡದವರ ಕಣ್ಣು ತುಂಬಿ ಬಂತು.

“ಕೇಳಿದ್ರಾ?” ಎಂದರು ಮೇಡಂ ನಡುಗುವ ದನಿಯಲ್ಲಿ. “ಎಲ್ಲೋ ಸಮುದ್ರದಾಚೆಯ ಹಾಡು. ಕೇಳಿದ ಇವನಿಗೆ ತಾನೇ ಹಾಡಿದ ಹಾಗೆ ಅನ್ನಿಸಿಬಿಟ್ಟಿದೆ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?”

“ಅನ್ನಿಸಿದ್ದಲ್ಲ ಮೇಡಂ! ಬೇಕಿದ್ರೆ ಈಗಲೇ ಹಾಡ್ತೀನಿ,” ಎಂದು ಅವನು ಶುರುಮಾಡಿಯೇಬಿಟ್ಟ. “ಹೂಂ... ಊಂ... ಹೂಂ...”

“ಒಂದೇ ಸಲಕ್ಕೆ ಕಲಿತುಬಿಟ್ಟ!” ಎಂದರು ಗಡ್ಡದವರು ಗಾಬರಿಯಿಂದ. “ಮೇಡಂ, ಕಿವಿ ಪಳಗೋಕೆ ಶುರುವಾಯ್ತು. ತಡ ಮಾಡಬೇಡಿ!”

ಮೇಡಂ ಔಷಧದ ಪೆಟ್ಟಿಗೆಯಿಂದ ಹತ್ತಿ ತೆಗೆದು, ತಾಯಿಯಂತೆ ಅವನ ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿ, ತೋಳು ಹಿಡಿದು ಬೀದಿ ಬಾಗಿಲವರೆಗೆ ನಡೆಸಿಕೊಂಡು ಬಂದರು.

ಮೆಟ್ಟಿಲ ಮೇಲೆ ನಿಂತು ಅವನು ಕೊನೆಯದಾಗಿ ಕೇಳಿದ: “ಬೇರೆ ಯಾವುದಾದ್ರೂ ಕಚೇರಿಯಲ್ಲಿ ಕೆಲಸ ಕೊಡಿಸ್ತೀರಾ ಮೇಡಂ? ಮನೆಯಲ್ಲಿ ಏನಂತ ಹೇಳ್ಲಿ?”

ಮೇಡಂ ತುಂಬ ಪ್ರೀತಿಯಿಂದ, ಬಹಳ ಹೊತ್ತು ಉತ್ತರ ಹೇಳಿದರು. ಅವನಿಗೆ ತುಟಿ ಅಲುಗುವುದಷ್ಟೇ ಕಂಡಿತು. ಅವರ ಹಿಂದೆ ಚಹಾದ ಅಕ್ಕ ಅದನ್ನೆಲ್ಲ ಕೇಳಿಸಿಕೊಂಡು ಗಳಗಳನೆ ಅತ್ತಳು. ಹಂಗಾಮಿ ಅವಳ ಮುಖವನ್ನೇ ನೋಡುತ್ತಾ ನಿಂತ. ಆ ಅಳು ಸಂತೋಷದ್ದೋ, ದುಃಖದ್ದೋ, ಬರೀ ಮರ್ಯಾದೆಗೋ, ಎಷ್ಟು ನೋಡಿದರೂ ಅವನಿಗೆ ತಿಳಿಯಲಿಲ್ಲ.