ಅತ್ತೆಯ ಸೀರೆಗೆ ನಾನು ಬಳಿದ ಬಣ್ಣ

ಮೊದಲೇ ಒಂದು ವಿಷಯ ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಮಾಡಿದ್ದೆಲ್ಲ ಒಳ್ಳೆಯ ಉದ್ದೇಶದಿಂದಲೇ! ಈ ಮಾತನ್ನು ನನ್ನ ಹೆಂಡತಿ ಭಾಗ್ಯಳಿಗೆ ಇದುವರೆಗೆ ನಲವತ್ತು ಸಲವಾದರೂ ಹೇಳಿದ್ದೇನೆ. ನಲವತ್ತು ಸಲವೂ ಅವಳು ಎದ್ದು ಅಡುಗೆಮನೆಗೆ ಹೋಗಿದ್ದಾಳೆ.

ಚಳ್ಳಕೆರೆಯ ಒಂದು ಪ್ರೌಢಶಾಲೆಯಲ್ಲಿ ನಾನು ಗುಮಾಸ್ತ. ಕಳೆದ ವರ್ಷ ಶಾಲೆಯ ಬೀರುವಿನಲ್ಲಿ ಸಿಕ್ಕ ಹಳೆಯ ಕಪ್ಪುಬಿಳುಪು ಫೋಟೋ ಒಂದನ್ನು ಫೋನಿನಲ್ಲಿ ಹಿಡಿದು, ಆನ್‌ಲೈನ್ ಎಡಿಟಿಂಗ್ ವೆಬ್‌ಸೈಟೊಂದಕ್ಕೆ ಹಾಕಿ, ಅದರಲ್ಲಿದ್ದ ಬಾವುಟಕ್ಕೆ ಮಾತ್ರ ಬಣ್ಣ ಕೊಟ್ಟಿದ್ದೆ. ಮಕ್ಕಳು, ಮೇಷ್ಟ್ರು, ಗೋಡೆ ಎಲ್ಲ ಕಪ್ಪುಬಿಳುಪು. ಬಾವುಟ ಮಾತ್ರ ಝಗಮಗ! ಹೆಡ್‌ಮಾಸ್ಟರು ಅದನ್ನು ನೋಡಿ, "ನಿಮ್ಮ ಕೈಯಾಗೆ ಕಲೆ ಐತೆ ಕಣ್ರೀ" ಎಂದರು. ಆ ಒಂದು ಮಾತು ನನ್ನನ್ನು ಹಾಳು ಮಾಡಿತು.

ನನ್ನ ಮಾವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ಅವರು ತೀರಿಕೊಂಡು ವರ್ಷ ಆಗುತ್ತ ಬಂದಿತ್ತು. ಅತ್ತೆ ರುದ್ರಮ್ಮನವರು ಬಸ್ಸು ಹತ್ತಿ ನಮ್ಮ ಮನೆಗೆ ಬಂದು, ಟವೆಲ್ಲಿನಲ್ಲಿ ಸುತ್ತಿದ್ದ, ಗಾಜಿನ ಫ್ರೇಮು ಹಾಕಿದ ಒಂದು ಕಪ್ಪುಬಿಳುಪು ಫೋಟೋ ನನ್ನ ಕೈಗಿಟ್ಟರು. ಅವರ ಮದುವೆಯ ದಿನದ್ದು. ಅತ್ತೆ ಕಂಬದಂತೆ ಬಿಗಿದುಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ಮಾವ ಬಾಯ್ತುಂಬ ನಗುತ್ತಿದ್ದಾರೆ.

"ಅಳಿಯಂದ್ರೇ, ಅವ್ರು ನಗ್ತಾ ಇರೋದು ಇದೊಂದೇ ಐತ್ರಿ" ಎಂದರು ಅತ್ತೆ. "ವರ್ಷದ ಪೂಜೆಗೆ ಇದನ್ನೇ ಸ್ವಲ್ಪ ದೊಡ್ಡದು ಮಾಡ್ಸಿಕೊಡ್ರಿ. ಅಷ್ಟೇ ಸಾಕು."

ಅಷ್ಟೇ ಸಾಕು ಎಂದಿದ್ದರು. ಸ್ಟುಡಿಯೋಗೆ ಕೊಟ್ಟಿದ್ದರೆ ಒಂದೇ ದಿನದ ಕೆಲಸ. ಆದರೆ ಕೈಯಲ್ಲಿ ಕಲೆ ಇದೆಯಲ್ಲ! ಅತ್ತೆಯ ಸೀರೆಗೆ ಮಾತ್ರ ಬಣ್ಣ ಕೊಟ್ಟು, ಉಳಿದದ್ದನ್ನು ಕಪ್ಪುಬಿಳುಪಿನಲ್ಲೇ ಬಿಟ್ಟು, ಪೂಜೆಯ ದಿನ ಎಲ್ಲರ ಕಣ್ಣಲ್ಲೂ ನೀರು ತರಿಸಬೇಕೆಂದು ತೀರ್ಮಾನಿಸಿದೆ. ಕಣ್ಣೀರಿನ ಮಟ್ಟಿಗೆ ನನ್ನ ಲೆಕ್ಕಾಚಾರ ತಪ್ಪಲಿಲ್ಲ.

ಭಾನುವಾರ ಮಧ್ಯಾಹ್ನ ಫ್ರೇಮನ್ನು ಮೇಜಿನ ಮೇಲಿಟ್ಟು, ಗಾಜಿನ ಮೇಲಿಂದಲೇ ಫೋನಿನಲ್ಲಿ ಫೋಟೋ ಹಿಡಿದು ಕೆಲಸ ಶುರು ಮಾಡಿದೆ. ಮೊದಲು "ಆಟೋಮ್ಯಾಟಿಕ್" ಎಂಬ ಗುಂಡಿ ಒತ್ತಿದೆ. ಅತ್ತೆಯ ಸೀರೆ ಹಾಗೇ ಇತ್ತು, ಮಾವನ ಮೀಸೆ ನೀಲಿಯಾಯಿತು! ಆಮೇಲೆ ಬ್ರಷ್ಷು ಹಿಡಿದು ನಾನೇ ಕೆಂಪು ಬಳಿಯತೊಡಗಿದೆ. ಮೂರು ಗಂಟೆ ಬಳಿದು, ಬೆನ್ನು ಸೆಟೆದುಕೊಂಡ ಮೇಲೆ ಭಾಗ್ಯಳನ್ನು ಕರೆದು ತೋರಿಸಿದೆ.

"ಅಪ್ಪನ ಕೈ ಯಾಕ್ರೀ ಹಿಂಗ್ ರಕ್ತ ಆಗೈತೆ?"

"ಸ್ವಲ್ಪ ಬಣ್ಣ ಆಚೆ ಹೋಗೈತೆ. ಒರೆಸ್ತೀನಿ ಬಿಡು. ಸೀರೆ ನೋಡು, ಸೀರೆ!"

"ಅವ್ವಂದು ಹಸಿರು ಸೀರೆ ಕಣ್ರೀ. ಕೆಂಪು ಅಂತ ನಿಮಗ್ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಮದುವೆ ಹೆಣ್ಣು ಎಂದರೆ ಕೆಂಪು ಸೀರೆ ಎಂದು ನಾನೇ ನಿರ್ಧರಿಸಿದ್ದೆ. ಖಚಿತಪಡಿಸಿಕೊಳ್ಳಲು ಭಾಗ್ಯಳ ತಮ್ಮ ತಿಪ್ಪೇಸ್ವಾಮಿಗೆ ಫೋನ್ ಮಾಡಿದೆ. ಅವನು ಈಗಲೂ ಮಗ್ಗದಲ್ಲಿ ಕೂರುವವನು.

"ಹಸಿರಲ್ಲ ಭಾವ, ಅಕ್ಕಂಗೇನ್ ಗೊತ್ತು? ಕೆಂಪೇ" ಎಂದ.

"ನೋಡಿದೆಯಾ!" ಎಂದು ನಾನು ಭಾಗ್ಯಳ ಕಡೆ ತಿರುಗಿ ಮೀಸೆ ತಿರುವುವಷ್ಟರಲ್ಲಿ ಅವನು ಮುಂದುವರಿಸಿದ. "ಆದ್ರೆ ನೀನು ಯಾವ ಕೆಂಪು ಹಾಕೀಯ ಭಾವ? ಕುಂಕುಮದ ಕೆಂಪಾ, ಅರಗಿನ ಕೆಂಪಾ, ದಾಳಿಂಬೆ ಕೆಂಪಾ? ಅಂಚು ಯಾವ್ದು? ಸೆರಗಿನ ಬಣ್ಣ ಬ್ಯಾರೆ ಇರ್ತೈತೆ, ಅದನ್ನ ಬಿಟ್ಟೀಯೋ ಹೆಂಗೆ?"

ನೇಕಾರರ ಮನೆಯ ಅಳಿಯನಾಗಿ ಹದಿನೆಂಟು ವರ್ಷವಾಗಿತ್ತು. ಕೆಂಪಿನಲ್ಲಿ ಇಷ್ಟೊಂದು ಜಾತಿ ಇವೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಕ್ಕ ತಮ್ಮ ಇಬ್ಬರೂ ಸ್ಪೀಕರಿನಲ್ಲಿ ಅರ್ಧ ಗಂಟೆ ಜಗಳವಾಡಿದರು. ಅವ್ವನ ಪೆಟ್ಟಿಗೆಯಲ್ಲಿ ಹಸಿರು ಸೀರೆ ಕಣ್ಣಾರೆ ಕಂಡಿದ್ದೇನೆಂದು ಅವಳು. ಅಪ್ಪ ಎಷ್ಟೋ ಸಲ ದಾಳಿಂಬೆ ಕೆಂಪಿನ ಮಾತಾಡುತ್ತಿದ್ದರೆಂದು ಅವನು. ಕೊನೆಗೆ ಭಾಗ್ಯ, "ಅವ್ವನ್ನೇ ಒಂದ್ ಮಾತು ಕೇಳ್ರಿ, ಮುಗೀತೈತೆ" ಎಂದಳು.

"ಛೆ ಛೆ! ಕೇಳಿದರೆ ಸರ್‌ಪ್ರೈಸ್ ಎಲ್ಲಿ ಉಳಿಯುತ್ತೆ?" ಎಂದೆ ನಾನು. ದಾಳಿಂಬೆ ಕೆಂಪೇ ಅಂತಿಮವಾಯಿತು.

ಮತ್ತೆ ಎರಡು ಸಂಜೆ ಬಳಿದು, ಚಿನ್ನದ ಅಂಚು ಎಳೆದು, ಸಿದ್ಧವಾದ ಚಿತ್ರವನ್ನು ಫೋನಿಗೆ ಇಳಿಸಿಕೊಂಡೆ. ಫೋನಿನಲ್ಲಿ ಜಾಗವಿಲ್ಲವೆಂದು ಬೇಡದ್ದನ್ನೆಲ್ಲ ಅಳಿಸಿದೆ. ಮೊದಲು ಹಿಡಿದಿದ್ದ ಫೋಟೋವನ್ನೂ ಅಳಿಸಿದೆ. ಅಸಲಿ ಫ್ರೇಮು ಮೇಜಿನ ಮೇಲೇ ಇದೆಯಲ್ಲ! ಫೋನಿನ ಕಸದಬುಟ್ಟಿಯನ್ನೂ ಖಾಲಿ ಮಾಡಿದೆ. ಶಿಸ್ತಿನ ಮನುಷ್ಯ ನಾನು.

ಮರುದಿನ ನೋಡುತ್ತೇನೆ, ಚಿತ್ರದಲ್ಲಿ ಮಾವನ ಹಣೆಯ ಮೇಲೆ ಒಂದು ಬಿಳಿ ಗೆರೆ. ನಮ್ಮ ಟ್ಯೂಬ್‌ಲೈಟು ಗಾಜಿನಲ್ಲಿ ಮೂಡಿಬಿಟ್ಟಿತ್ತು. ಗಾಜು ತೆಗೆದು ಇನ್ನೊಂದು ಸಲ ಹಿಡಿದರಾಯಿತೆಂದು ಫ್ರೇಮಿನ ಮೊಳೆ ಕಿತ್ತೆ. ಅಷ್ಟು ವರ್ಷ ಒಂದೇ ಗೋಡೆಯ ಮೇಲಿದ್ದ ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದೆ. ಅತ್ತೆ ಸಲೀಸಾಗಿ ಬಂದರು. ಮಾವನ ಮುಖ ಗಾಜಿನಲ್ಲೇ ಉಳಿಯಿತು!

ಅಲ್ಲಿಗೇ ನಿಲ್ಲಿಸಿ ಯಾರಾದರೂ ತಿಳಿದವರ ಬಳಿ ಹೋಗಬಹುದಿತ್ತು. ನಾನು ಬ್ಲೇಡು ತಂದೆ. ಎರಡೇ ನಿಮಿಷದಲ್ಲಿ ಮಾವನ ಮುಖ ಹಪ್ಪಳದ ಚೂರಿನಂತೆ ಮೇಜಿನ ಮೇಲೆ ಉದುರಿತ್ತು. ಅಯ್ಯೋ ದೇವರೇ, ಬದುಕಿದ್ದಾಗ ಒಂದು ದಿನವೂ ನನಗೆ ಎದುರು ಮಾತಾಡದ ಮನುಷ್ಯ ಅವರು.

ಭಾಗ್ಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಬಂದು, ಆ ಚೂರುಗಳನ್ನು ಒಂದೊಂದಾಗಿ ಕಾಗದದಲ್ಲಿ ಕಟ್ಟಿಕೊಂಡು ಒಳಗೆ ಹೋದಳು.

ಇನ್ನು ಉಳಿದದ್ದು ನನ್ನ ಬಣ್ಣದ ಚಿತ್ರವೊಂದೇ. ಅದನ್ನೇ ಸ್ಟುಡಿಯೋಗೆ ಒಯ್ದೆ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ನೋಡಿ ತಲೆ ಕೆರೆದುಕೊಂಡರು.

"ಸಾರ್, ಫೈಲ್ ಭಾಳ ಸಣ್ಣದೈತೆ. ಫ್ರೀ ವೆಬ್‌ಸೈಟು ಅಲ್ವ್ರಾ? ಅವು ಹಿಂಗೇ ಕುಗ್ಸಿ ಕೊಡ್ತಾವೆ. ದೊಡ್ಡದು ಮಾಡಿದ್ರೆ ಮುಖ ಒಡೀತೈತೆ. ಒರಿಜಿನಲ್ ತಗಂಡ್ ಬರ್ರಿ, ಚೆನ್ನಾಗ್ ಮಾಡಿಕೊಡ್ತೀನಿ."

ಒರಿಜಿನಲ್! ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕುಳಿತೆ. "ಇದನ್ನೇ ಮಾಡಿ" ಎಂದೆ. ಒಂದು ಗಂಟೆಯಲ್ಲಿ ಪ್ರಿಂಟು ಬಂತು. ಮಾವನ ಮುಖವೆಲ್ಲ ಬೂದು ಬಣ್ಣದ ಚೌಕ ಚೌಕ. ಕಣ್ಣು ಯಾವುದು, ನಗು ಯಾವುದು ತಿಳಿಯುತ್ತಿರಲಿಲ್ಲ. ದಾಳಿಂಬೆ ಕೆಂಪಿನ ಸೀರೆ ಮಾತ್ರ ನಾಲ್ಕು ಅಂಗಡಿ ಆಚೆಗೂ ಕಾಣುವ ಹಾಗೆ ಹೊಳೆಯುತ್ತಿತ್ತು.

ಪೂಜೆಯ ದಿನ ಆ ಚಿತ್ರವನ್ನು ಹೊತ್ತು ಮೊಳಕಾಲ್ಮೂರಿಗೆ ಹೋದೆವು. ಚಿತ್ರಕ್ಕೆ ಸುತ್ತಿದ್ದ ಪೇಪರು ಬಸ್ಸಿನಲ್ಲಿ ಸ್ವಲ್ಪ ಹರಿದಿತ್ತು. ಪಕ್ಕದ ಸೀಟಿನ ಹೆಂಗಸೊಬ್ಬರು ಇಣುಕಿ, "ಎಂಥಾ ಸೀರೆ! ಎಲ್ಲಿ ತಗಂಡ್ರಿ?" ಎಂದರು. ಭಾಗ್ಯ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮನೆಯಲ್ಲಿ ಎಡೆಗೆ ಎಲ್ಲ ಸಿದ್ಧವಾಗಿತ್ತು. ಅತ್ತೆ ಪೇಪರು ಬಿಚ್ಚಿ, ಚಿತ್ರವನ್ನು ಗೋಡೆಗೆ ಒರಗಿಸಿ ಎದುರಿಗೆ ಕುಳಿತರು.

"ಈ ಸೀರೆಗ್ಯಾಕೆ ಬಣ್ಣ ಹಾಕಿದ್ರಿ ಅಳಿಯಂದ್ರೇ?"

"ನಿಮ್ಮ ಮದುವೆ ಸೀರೆ ಅಲ್ವಾ ಅತ್ತೆ... ಮಾವನೇ ನೇಯ್ದಿದ್ದು..."

"ನೇಯ್ದಿದ್ದು ಅವ್ರೇ. ನಂದಲ್ಲ" ಎಂದರು ಅತ್ತೆ. "ಸಾಹುಕಾರ್ರು ನೂಲು ಕೊಟ್ಟು ನೇಯಿಸ್ತಿದ್ದ ಸೀರೆ ಅದು. ಹಿಂದಿನ ದಿನ ಮಗ್ಗದಿಂದ ಕೊಯ್ದು ಇಟ್ಟಿದ್ರು. ಮದುವೇಲಿ ನಾನುಟ್ಟಿದ್ದು ಬಿಳೀ ನೂಲಿನ ಸೀರೆ. ಫೋಟೋದವ್ರು ಬಂದಾಗ ನಿಮ್ಮ ಮಾವ ಓಡಿಹೋಗಿ ಇದನ್ನ ತಂದ್ರು. ಅರ್ಧ ಗಂಟೆ ಉಟ್ಟಿದ್ದೆ ಅಷ್ಟೇ. ಮಡಿಕೆ ಮುರೀಬಾರ್ದು, ಬೆವರು ತಾಗಬಾರ್ದು ಅಂತ ಉಸಿರು ಬಿಗಿಹಿಡ್ಕಂಡು ನಿಂತಿದ್ದೆ. ಅದನ್ನ ನೋಡೇ ಅವ್ರು ಹಂಗ್ ನಕ್ಕಿದ್ದು. ಸಂಜೆಗೆ ಮಡಚಿ ಸಾಹುಕಾರ್ರಿಗೆ ಒಪ್ಪಿಸಿ ಬಂದ್ರು."

"ಬಣ್ಣ ಯಾವ್ದವ್ವಾ?" ಎಂದು ತಿಪ್ಪೇಸ್ವಾಮಿ ಆಸೆಯಿಂದ ಕೇಳಿದ.

"ಯಾರಿಗ್ ನೆನಪೈತೋ! ಸೀರೆ ಯಾರು ನೋಡಿದ್ರು?"

ಇಡೀ ಫೋಟೋದಲ್ಲಿ ಅವರದಲ್ಲದ ವಸ್ತು ಒಂದೇ ಒಂದಿತ್ತು. ಹುಡುಕಿ ಹುಡುಕಿ ಅದಕ್ಕೇ ನಾನು ಬಣ್ಣ ಹಾಕಿದ್ದೆ! ಅತ್ತೆ ಚಿತ್ರದ ಹತ್ತಿರಕ್ಕೆ ಬಗ್ಗಿ, ಮಾವನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದರು. ಧೂಳು ಕೂತಿದೆ ಎಂದುಕೊಂಡರೋ ಏನೋ, ಸೆರಗಿನ ತುದಿಯಿಂದ ಒರೆಸಿದರು. ಮತ್ತೊಮ್ಮೆ ಒರೆಸಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ತಪ್ಪಾಯ್ತು ಅತ್ತೆ. ಹಳೇದೂ ಹಾಳಾಯ್ತು" ಎಂದು ಅವರ ಕಾಲ ಬಳಿ ಕುಳಿತುಬಿಟ್ಟೆ.

ತಿಪ್ಪೇಸ್ವಾಮಿ ಎದ್ದು ಹೋಗಿ, ಮಾವನ ವೋಟರ್ ಕಾರ್ಡಿನ ಫೋಟೋವನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿಕೊಂಡು ಹತ್ತು ನಿಮಿಷದಲ್ಲಿ ಬಂದ. ಕಪ್ಪುಬಿಳುಪು. ಮುಖ ಗಂಟು ಹಾಕಿಕೊಂಡಿದ್ದರೂ ಕಣ್ಣು, ಮೂಗು, ಮೀಸೆ ಎಲ್ಲ ಜಾಗದಲ್ಲೇ ಇದ್ದವು. ಅದಕ್ಕೇ ಹೂವು ಹಾಕಿ ಪೂಜೆ ಮುಗಿಸಿದೆವು.

ಊಟಕ್ಕೆ ಕೂತಾಗ ಅತ್ತೆಯೇ ನನ್ನ ಎಲೆಗೆ ಎರಡು ಹೋಳಿಗೆ ಹಾಕಿದರು. ನಾನು ತಲೆ ಎತ್ತಲಿಲ್ಲ.

"ಉಣ್ರಿ ಅಳಿಯಂದ್ರೇ. ಆಗಿದ್ದಾಯ್ತು" ಎಂದರು. "ನೀವೂ ನಗ್ತಾ ಇರೋ ಫೋಟೋ ಒಂದು ಈಗ್ಲೇ ತೆಗ್ಸಿ ಇಟ್ಕಳ್ರಿ. ಆದ್ರೆ ಒಂದ್ ಮಾತು ನೆನಪಿರ್ಲಿ, ಯಾವ ಅಳಿಯನ ಕೈಗೂ ಕೊಡಬ್ಯಾಡ್ರಿ."

ಪಂಕ್ತಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ವಾರದಿಂದ ಮುಖ ಗಂಟಿಕ್ಕಿದ್ದ ಭಾಗ್ಯಳೂ ನಕ್ಕಳು. ನಾನು ಮಾತ್ರ ಎತ್ತಿದ ತುತ್ತನ್ನು ಎಲೆಗೇ ಇಳಿಸಿದೆ. ಇಬ್ಬರು ಹೆಣ್ಣುಮಕ್ಕಳ ತಂದೆ ನಾನು!