ನೇರಳೆಗೆ ನೇರಳೆ, ಹಸಿರಿಗೆ ಹಸಿರು

ಮನೆಯಲ್ಲಿ ನನಗೆ ಮೂರು ಕಾಸಿನ ಮರ್ಯಾದೆ ಇಲ್ಲ. ತಾವೋಯುವಾನ್ ನಗರದ ಕಂಪ್ಯೂಟರ್ ಕಾರ್ಖಾನೆಯಲ್ಲಿ ನಾನು ವರ್ಣ ಪರೀಕ್ಷಕ. ಕೀಬೋರ್ಡಿನ ತೂತು ನೇರಳೆ, ಮೌಸಿನದು ಹಸಿರು, ಸ್ಪೀಕರಿನದು ತಿಳಿಹಸಿರು, ಮೈಕಿನದು ಗುಲಾಬಿ, ಪರದೆಯದು ನೀಲಿ. ಬಣ್ಣ ಒಂದು ಎಳೆ ಮಾಸಿದ್ದರೂ ಇಡೀ ಪೆಟ್ಟಿಗೆ ವಾಪಸ್. ಆದರೆ ಹಿತ್ತಲ ಗಿಡ ಮದ್ದಲ್ಲ. ನನ್ನ ಹೆಂಡತಿ ಪೇಯುನ್ ನಂಬುವುದು ನನ್ನನ್ನಲ್ಲ, ಕಂಪ್ಯೂಟರಿನ ನೆತ್ತಿಯ ಮೇಲಿಟ್ಟ ಕುರುಕಲು ಪೊಟ್ಟಣವನ್ನು.

ನಮ್ಮ ಕಡೆ ಎಲ್ಲರೂ ಇಡುತ್ತಾರೆ, ಯಂತ್ರ ಹಟ ಮಾಡದಿರಲಿ ಎಂದು. ಪೊಟ್ಟಣ ಹಸಿರೇ ಆಗಿರಬೇಕು. ಹಳದಿ ಇಟ್ಟರೆ ಯಂತ್ರ ಮುನಿಯುತ್ತದಂತೆ. ತಾರೀಕು ಮುಗಿಯುವ ಮುಂಚೆ ಬದಲಿಸಬೇಕು, ಇಟ್ಟದ್ದನ್ನು ತಿನ್ನುವಂತೆಯೂ ಇಲ್ಲ. (ಗುರುವಾರ ಬೇಸ್‌ಬಾಲ್ ನೋಡುತ್ತಾ ತಿಂದುಬಿಟ್ಟಿದ್ದೆ. ಅಂಗಡಿಯಲ್ಲಿ ಹಳದಿ ಮಾತ್ರ ಇತ್ತು. ಅದನ್ನೇ ತಂದಿಟ್ಟೆ. ಯಾರು ನೋಡುತ್ತಾರೆ?)

ಭಾನುವಾರ ವ್ಯಾಂಕೂವರ್‌ನಲ್ಲಿರುವ ಅತ್ತೆಯವರ ಎಪ್ಪತ್ತನೇ ಹುಟ್ಟುಹಬ್ಬದ ಆಚರಣೆ. ನಮ್ಮ ಮಗಳು ರೋಯೂ ಕಂಪ್ಯೂಟರಿನ ಮುಂದೆ ಕುಳಿತು ಅಜ್ಜಿಗೆ ಹಾಡಬೇಕು, ತಿಂಗಳಿಂದ ಕಲಿತಿದ್ದಾಳೆ. ಹೊಸ ಸ್ಪೀಕರ್ ಜೋಡಿಸುವ ಮಹಾಕಾರ್ಯ ನನ್ನದು.

"ನೇರಳೆಗೆ ನೇರಳೆ, ಹಸಿರಿಗೆ ಹಸಿರು. ಇದೇನು ಬ್ರಹ್ಮವಿದ್ಯೆನಾ?" ಎಂದೆ.

ಪರದೆಯ ಮೇಲೆ ಅತ್ತೆ ಪ್ರತ್ಯಕ್ಷರಾದರು. ಬಾಯಿ ಆಡುತ್ತಿತ್ತು, ಸದ್ದಿಲ್ಲ. ಮದುವೆಯಾದ ಮೇಲೆ ಅವರನ್ನು ಹೀಗೆ ಕಂಡದ್ದು ಇದೇ ಮೊದಲು. ನಿಜ ಹೇಳಬೇಕೆಂದರೆ ಹಿತವಾಗಿಯೇ ಇತ್ತು.

"ಅಪ್ಪಾ, ಅಜ್ಜಿಗೆ ನನ್ನ ಹಾಡು ಕೇಳ್ಸಲ್ವಾ?" ಎಂದಳು ರೋಯೂ, ಮುಖ ಸಣ್ಣದು ಮಾಡಿಕೊಂಡು.

ನನ್ನ ಹಿತವೆಲ್ಲ ಇಳಿದುಹೋಯಿತು. ಮೇಜಿನ ಕೆಳಗೆ ನುಗ್ಗಿ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಚುಚ್ಚಿದೆ. ಬಣ್ಣವೆಲ್ಲ ಸರಿ, ಸದ್ದು ಮಾತ್ರ ಇಲ್ಲ.

ಮೇಲಿನಿಂದ ಪೇಯುನ್ ದನಿ ಬಂತು: "ರೀ, ಈ ಪೊಟ್ಟಣ ಯಾವಾಗ ಹಳದಿ ಆಯ್ತು?"

"ಬಿಸಿಲಿಗೆ ಬಣ್ಣ ಹೋಗಿರ್ಬೇಕು ಕಣೇ."

"ಕಳ್ಳನಿಗೊಂದು ಪಿಳ್ಳೆ ನೆವ! ಎಳೆ ಬಣ್ಣ ಮಾಸಿದ್ರೆ ಪೆಟ್ಟಿಗೆನೇ ವಾಪಸ್ ಕಳ್ಸೋರು ನೀವು! ತಿಂದ್ರೋ ಇಲ್ವೋ?"

"ತಿಂದೆ," ಎಂದೆ ಮೇಜಿನ ಕೆಳಗಿನಿಂದಲೇ. (ಅಲ್ಲಿ ಸ್ವಲ್ಪ ಧೈರ್ಯವಿರುತ್ತದೆ.)

ಅವಳು ಪಕ್ಕದ ಮನೆಯಿಂದ ಹಸಿರು ಪೊಟ್ಟಣ ಇಸಿದುಕೊಂಡು ಬಂದು, ಕೈಮುಗಿದು, ಸಿಟ್ಟಿನಲ್ಲಿ ಸ್ಪೀಕರಿನ ತಲೆಯ ಮೇಲೆಯೇ ಕುಕ್ಕಿದಳು. ಅಲ್ಲಿದ್ದ ಸ್ವಿಚ್ಚು ಟಕ್ ಎಂದಿತು. ಕೆಂಪು ದೀಪ ಹತ್ತಿತು. ಅತ್ತೆಯವರ ದನಿ ಮನೆ ತುಂಬಿತು:

"...ಸ್ಪೀಕರ್ ಸ್ವಿಚ್ ಹಾಕು ಅಂತ ನಿನ್ನ ಗಂಡನಿಗೆ ಹೇಳೇ! ಆಗಿಂದ ಬಡ್ಕೋತಿದ್ದೀನಿ! ನಿಮ್ಮ ಮಾತೆಲ್ಲ ನಮ್ಗೆ ಚೆನ್ನಾಗೇ ಕೇಳ್ತಿದೆ. ಏನ್ ಅಳಿಯಂದ್ರೇ, ಕಂಪ್ಯೂಟರಿಗೆ ಇಟ್ಟಿದ್ದನ್ನೂ ಬಿಡಲ್ವಾ ನೀವು?"

ರೋಯೂ ಹಾಡಿದಳು. ಅತ್ತೆ ಕಣ್ಣೊರೆಸಿಕೊಂಡರು, ಸುಳ್ಳೇಕೆ, ನಾನೂ ಒರೆಸಿಕೊಂಡೆ. ಆಮೇಲೆ ಪೇಯುನ್‌ಗೆ ಮೆಲ್ಲನೆ ಹೇಳಿದೆ, "ಸದ್ದು ಬಂದಿದ್ದು ಸ್ವಿಚ್ಚಿಂದ ಕಣೇ, ಪೊಟ್ಟಣದಿಂದ ಅಲ್ಲ."

"ಸ್ವಿಚ್ ಒತ್ತಿದ್ದು ಯಾರು? ನೀವೋ, ಪೊಟ್ಟಣವೋ?"

ಸೋಮವಾರ ಕಾರ್ಖಾನೆಯಲ್ಲಿ ನನ್ನ ಮೇಜಿನ ಮೇಲೂ ಒಂದು ಪೊಟ್ಟಣ ಇಟ್ಟೆ. ಹಸಿರು ಹೌದೋ ಅಲ್ಲವೋ ಎಂದು ಪಕ್ಕದವನಿಗೆ ತೋರಿಸಿ ಖಾತ್ರಿ ಮಾಡಿಕೊಂಡೆ.