ಮೊಮ್ಮಗಳಿಗೆ ಯಾರ ಪಂಚೆ?

ಗೌರೀಶಂಕರ: ಇಡೀ ಪದ್ಮನಾಭನಗರದಲ್ಲಿ ಹಳೇ ಬಟ್ಟೆಗೆ ಬರ ಬಂದಿದ್ಯೇನೇ? ನನ್ನ ಪಂಚೆ ಬಿಡು ಅಂದೆ.

ಜಯಶೀಲಾ: ಬಿಡಲ್ಲ. ಹಸುಗೂಸು ಮನೆಗೆ ಬಂದಾಗ ಮೊದಲು ಸುತ್ತೋದು ಹಿರಿಯರು ಉಟ್ಟು ಉಟ್ಟು ಮೆತ್ತಗಾಗಿರೋ ಬಟ್ಟೆನೇ. ಅವರ ಆಯಸ್ಸು ಮಗೂಗೂ ಬರ್ಲಿ ಅಂತ.

ಗೌರೀಶಂಕರ: ಹಾಗಾದ್ರೆ ಹಿರಿಯರನ್ನ ಹೋಗಿ ಕೇಳು. ನಾನೇನು ಮುದುಕನಾ?

ಪಂಚೆಯ ಒಂದು ತುದಿ ಹೆಂಡತಿಯ ಕೈಯಲ್ಲಿತ್ತು, ಇನ್ನೊಂದು ತುದಿ ಗಂಡನ ಕೈಯಲ್ಲಿ. ಮಗಳು ಲಿಖಿತಾ ಚೊಚ್ಚಲ ಮಗುವಿನೊಡನೆ ಆಸ್ಪತ್ರೆಯಿಂದ ತವರಿಗೆ ಹೊರಟಾಗಿತ್ತು. ಕಾರು ಬನಶಂಕರಿ ದಾಟಿತೆಂದು ಅಳಿಯನ ಫೋನೂ ಬಂದಿತ್ತು. ಮೊಮ್ಮಗಳ ಸ್ವಾಗತಕ್ಕೆಂದು ಗೌರೀಶಂಕರ ಅವರು ಬೆಳಗ್ಗೆಯೇ ಮೀಸೆಗೆ ಕಪ್ಪು ಬಣ್ಣ ಹಚ್ಚಿಕೊಂಡಿದ್ದರು.

ಜಯಶೀಲಾ: ಸರಿ ಬಿಡಿ. ಉತ್ತರಹಳ್ಳಿ ಬೀಗರು ತಮ್ಮ ಪಂಚೆ ತರ್ತಿದ್ದಾರಂತೆ. ಅದನ್ನೇ ಸುತ್ತಿದ್ರಾಯ್ತು.

ಗೌರೀಶಂಕರ: ಯಾರು, ಗಂಗಾಧರಯ್ಯನವರಾ? ನನ್ನ ಮನೇಲಿ, ನನ್ನ ಮಗಳ ಮಗೂಗೆ, ಅವರ ಪಂಚೆನಾ?

ಜಯಶೀಲಾ: ಮತ್ತೆ ನೀವು ಮುದುಕರಲ್ವಲ್ಲ.

ಗೌರೀಶಂಕರ: ಯಾರು ಹಾಗಂದಿದ್ದು?

ಜಯಶೀಲಾ: ನೀವೇ. ಈಗ ತಾನೆ.

ಗೌರೀಶಂಕರ: ಅದು ಆವಾಗ.

ಅಷ್ಟರಲ್ಲಿ ಅಳಿಯನ ತಂದೆ ಗಂಗಾಧರಯ್ಯನವರು ಬಗಲಲ್ಲಿ ಕೈಚೀಲ ಸಿಕ್ಕಿಸಿಕೊಂಡು ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಬಂದರು. ಬಾಗಿಲಲ್ಲಿ ನಿಂತವರಿಗೆ ಬೀಗರ ಕೈಯಲ್ಲಿದ್ದ ಪಂಚೆ ಕಾಣಿಸಿತು. ಒಡನೆಯೇ ಅವರ ಮಂಡಿ ಹಿಡಿದುಕೊಂಡಿತು.

ಗಂಗಾಧರಯ್ಯ: ಶಿವ ಶಿವಾ! ಈ ವಯಸ್ಸಲ್ಲಿ ಮೆಟ್ಲು ಹತ್ತೋದು ಅಂದ್ರೆ...

ಗೌರೀಶಂಕರ: ಏನ್ ಬೀಗರೇ, ಪಾರ್ಕಲ್ಲಿ ದಿನಾ ಹುಡುಗರನ್ನೆಲ್ಲ ಹಿಂದೆ ಹಾಕ್ತೀರಂತೆ?

ಗಂಗಾಧರಯ್ಯ: ಅದು ಹಟಕ್ಕೆ. ಮನೆಗೆ ಬಂದು ಎಣ್ಣೆ ಹಚ್ಕೊಂಡು ಮಲಗೋದು ಯಾರಿಗೆ ಗೊತ್ತು? ನಿಮಗೇನು ಬಿಡಿ, ಸಣ್ಣ ವಯಸ್ಸು. ನಿಶ್ಚಿತಾರ್ಥದ ದಿನ ನೀವೇ ಅಂದ್ರಲ್ಲ, ಅರವತ್ತು ಈಗ ತಾನೆ ತುಂಬ್ತು ಅಂತ.

ಗೌರೀಶಂಕರ: ಬೀಗರ ಮುಂದೆ ಯಾರಾದ್ರೂ ನಿಜವಾದ ವಯಸ್ಸು ಹೇಳ್ತಾರಾ? ನಂಗೆ ಅರವತ್ತೆಂಟು.

ಗಂಗಾಧರಯ್ಯ: ನಂಗೆ ಅರವತ್ತೊಂಬತ್ತು.

ಗೌರೀಶಂಕರ: ತಡೀರಿ, ನಾನು ಹೇಳಿದ್ದು ಶಾಲೆ ಲೆಕ್ಕ. ನಮ್ಮೂರ ಮೇಷ್ಟ್ರು, ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟಿದವರನ್ನ ಮಾತ್ರ ಸೇರಿಸ್ಕೋತಿದ್ರು. ಮುಟ್ಟಿದವರಿಗೆಲ್ಲ ಐದು ವರ್ಷ ಅಂತ ಬರೆದುಬಿಡೋರು. ನನ್ನ ಕೈ ಗಿಡ್ಡ, ಬೀಗರೇ. ಮೂರು ವರ್ಷ ವಾಪಸ್ ಕಳಿಸಿದ್ರು.

ಗಂಗಾಧರಯ್ಯ: ನನ್ನ ಕೈಯೂ ಗಿಡ್ಡವೇ.

ಗೌರೀಶಂಕರ: ಎಲ್ಲಿ, ಮುಟ್ಟಿ ನೋಡೋಣ.

ಗಂಗಾಧರಯ್ಯನವರು ಬಲಗೈಯನ್ನು ತಲೆಯ ಮೇಲಿಂದ ಆದಷ್ಟು ಮುದುರಿಯೇ ಹಾಕಿದರು. ಆದರೂ ಅದು ಎಡಗಿವಿಯನ್ನು ದಾಟಿ ಗದ್ದವನ್ನು ಮುಟ್ಟಿತು.

ಗಂಗಾಧರಯ್ಯ: ಇದು ಆಮೇಲೆ ಬೆಳೆದಿದ್ದು.

ಜಯಶೀಲಾ: ಇಬ್ಬರೂ ಕಾಫಿ ಕುಡೀರಿ. ಆರಿ ಹೋಗುತ್ತೆ.

ಗೌರೀಶಂಕರ ಅವರು ಲೋಟ ಹಿಡಿದದ್ದೇ ತಡ, ಅವರ ಕೈ ಗಡಗಡನೆ ನಡುಗತೊಡಗಿತು. ಅರ್ಧ ಕಾಫಿ ನೆಲದ ಪಾಲಾಯಿತು.

ಗೌರೀಶಂಕರ: ನೋಡಿದ್ರಾ? ಎಪ್ಪತ್ತೊಂದು ವರ್ಷದ ಕೈ.

ಜಯಶೀಲಾ: ಬೆಳಗ್ಗೆ ಮೀಸೆಗೆ ಬಣ್ಣ ಹಚ್ಚುವಾಗ ನಡುಗ್ಲಿಲ್ವಲ್ರೀ?

ಗೌರೀಶಂಕರ: ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತೆ.

ಚೆಲ್ಲಿದ ಕಾಫಿಯನ್ನು ನೋಡಿ ಗಂಗಾಧರಯ್ಯನವರ ಮನಸ್ಸು ಕರಗಿತು. ಅವರು ಸೋಲೊಪ್ಪಿ ಕೈಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದರು. ಕೆಳಗೆ ಕಾರಿನ ಹಾರನ್ ಕೇಳಿಸಿತು. ಜಯಶೀಲಾ ಅವರು ಹೊಸ್ತಿಲಲ್ಲೇ ತಾಯಿ ಮಗುವಿಗೆ ಆರತಿ ಎತ್ತಿ, ಕೆಂಪು ನೀರನ್ನು ಹೊರಗೆ ಚೆಲ್ಲಿ, ಒಳಗೆ ಕರೆತಂದರು. ಮಗುವಿಗೆ ಗಂಡನ ಪಂಚೆಯನ್ನೇ ಸುತ್ತಿದರು. ಗೌರೀಶಂಕರ ಅವರು ಚುನಾವಣೆ ಗೆದ್ದವರಂತೆ ಎದೆ ಸೆಟೆಸಿ ಎರಡೂ ಕೈ ಚಾಚಿದರು.

ಗೌರೀಶಂಕರ: ಕೊಡಮ್ಮಾ ಲಿಖಿ, ನನ್ನ ಬಂಗಾರಾನ.

ಜಯಶೀಲಾ: ಬೇಡ ಕಣೇ. ನಿಮ್ಮಪ್ಪಂಗೆ ಕೈ ನಡುಕ. ಈಗಷ್ಟೇ ಅರ್ಧ ಲೋಟ ಕಾಫಿ ಚೆಲ್ಲಿದ್ದಾರೆ.

ಲಿಖಿತಾ: ಅಯ್ಯೋ ಅಪ್ಪಾ! ಯಾವಾಗಿಂದ? ಡಾಕ್ಟರ್‌ಗೆ ತೋರಿಸ್ಲಿಲ್ವಾ? ಮಾವ, ನೀವೇ ಹಿಡ್ಕೊಳ್ಳಿ.

ಗಂಗಾಧರಯ್ಯನವರು ಕಣ್ಣುಮುಚ್ಚಿ ತೆರೆಯುವುದರೊಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಮಂಡಿ ತುಟಿಪಿಟಕ್ಕೆನ್ನಲಿಲ್ಲ. ಮಗು ಅವರ ತೊಡೆಯೇರಿತು.

ಗೌರೀಶಂಕರ: ಲೇ, ನಡುಕ ಗಿಡುಕ ಏನೂ ಇಲ್ಲ ಕಣೇ. ಸುಮ್ನೆ ಅಂದೆ.

ಜಯಶೀಲಾ: ಹಾಗಾದ್ರೆ ಎಪ್ಪತ್ತೊಂದೂ ಸುಮ್ನೆ ಅಂದಿದ್ದೇ. ಪಂಚೆ ಬಿಚ್ಚಿ ಬೀಗರದ್ದು ಸುತ್ತಲಾ? ಒಂದು ಹೇಳಿಬಿಡಿ: ಪಂಚೆ ಇರ್ಬೇಕೋ, ಮಗು ಬೇಕೋ?

ಗೌರೀಶಂಕರ ಅವರು ಪಂಚೆಯನ್ನು ನೋಡಿದರು. ಅದರ ಅಂಚಿನಿಂದ ಅಕ್ಕಿಕಾಳಿನಂಥ ಉಗುರುಗಳ ಪುಟ್ಟ ಮುಷ್ಟಿಯೊಂದು ಹೊರಬಂದು ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

ಗೌರೀಶಂಕರ: ಬಿಚ್ಚೇ ಅತ್ಲಾಗೆ. ನಾನು ಹಿರಿಯನೂ ಅಲ್ಲ, ಏನೂ ಅಲ್ಲ. ಮಗೂನ ಕೊಡಿ.

ಗಂಗಾಧರಯ್ಯ: ತಗೊಳ್ಳಿ ಬೀಗರೇ. ಬೇಗ ತಗೊಳ್ಳಿ.

ಗೌರೀಶಂಕರ: ಇಷ್ಟು ಬೇಗ ಒಪ್ಕೊಂಡ್ಬಿಟ್ರಾ? ಎಂಥ ದೊಡ್ಡ ಮನಸ್ಸು ನಿಮ್ದು!

ಗಂಗಾಧರಯ್ಯ: ಮನಸ್ಸಿನ ಮಾತು ಆಮೇಲೆ. ನಿಮ್ಮ ಪಂಚೆ ದಾಟಿ ನನ್ನ ತೊಡೆವರೆಗೂ ಬಂತು.

ಎರಡೂ ಅಂಗೈ ಒಡ್ಡಿ ಗೌರೀಶಂಕರ ಅವರು ಮೊಮ್ಮಗಳನ್ನು ಎತ್ತಿಕೊಂಡರು. ಕೈ ಅಲುಗಲಿಲ್ಲ. ತೋಳಿನಿಂದ ನೀರು ತೊಟ್ಟಿಕ್ಕುತ್ತಿದ್ದರೂ ಅವರಿಗೆ ಅದರ ಪರಿವೆಯೇ ಇರಲಿಲ್ಲ. ಗಂಗಾಧರಯ್ಯನವರು ಮಾತ್ರ ತೋಯ್ದ ತೊಡೆಯಲ್ಲೇ ತೆವಳಿಕೊಂಡು ಹೋಗಿ, ಕುರ್ಚಿಯ ಕೆಳಗಿನ ಕೈಚೀಲದಿಂದ ತಮ್ಮ ಪಂಚೆಯನ್ನು ಹೊರಗೆಳೆದರು.

ಗಂಗಾಧರಯ್ಯ: ಜಯಶೀಲಮ್ಮ, ಈಗ ಒಣಗಿರೋದು ನಂದೊಂದೇ. ಇನ್ನು ಮಗು ಇದರಲ್ಲೇ ಇರುತ್ತೆ, ಅಲ್ವಾ?

ಜಯಶೀಲಾ: ಇನ್ನರ್ಧ ಗಂಟೆ ತಡೀರಿ ಬೀಗರೇ. ಎರಡೂ ಪಂಚೆ ಒಂದೇ ಹಗ್ಗದ ಮೇಲೆ ಪಕ್ಕಪಕ್ಕದಲ್ಲಿ ಒಣಗ್ತಿರ್ತವೆ.